ಮೂರರಿಂದ ಎಣಿಸಲು ಯಂತ್ರಕ್ಕೆ ಕಲಿಸಿದವರು

ನಮ್ಮ ತೊಂಗಾ ದ್ವೀಪಗಳಲ್ಲಿ ಸಂಗೀತ ಬಲ್ಲವರಿಗೆ ಬರವಿಲ್ಲ. ಬೀದಿಗೊಂದು ಚರ್ಚು, ಚರ್ಚಿಗೊಂದು ಗಾನವೃಂದ, ಗಾನವೃಂದಕ್ಕೊಬ್ಬ ಮುಂಗೋಪಿ ನಾಯಕ ಇರುವ ಊರುಗಳಿವು. ಇಲ್ಲಿ ಕಾಲು ಎಡವಿದರೆ ವಿದ್ವಾಂಸರೇ ಸಿಗುತ್ತಾರೆ, ಸಿಕ್ಕವರು ನಮ್ಮ ಶ್ರುತಿಯಲ್ಲೊಂದು ತಪ್ಪು ಹುಡುಕದೆ ಮುಂದೆ ಹೋಗಗೊಡುವುದಿಲ್ಲ. ಇಂಥ ನಾಡಿನಲ್ಲಿ, ಗಂಟಲಿನ ಹಂಗಿಲ್ಲದೆ ವೈರು ಮತ್ತು ವಿದ್ಯುತ್ತಿನಿಂದ ಹುಟ್ಟುವ ನಾದವನ್ನೂ ಸಂಗೀತವೆಂದು ಕರೆಯಬಹುದು ಎಂದು ಧೈರ್ಯವಾಗಿ ಹೇಳಿದವರು, ಹೇಳಿ ಸುಮ್ಮನಾಗದೆ ನಾಲ್ಕು ದಶಕಗಳ ಕಾಲ ಅದನ್ನು ಹೌಫೋಲಾ ಶಾಲೆಯ ಮಕ್ಕಳಿಗೆ ಕಲಿಸಿದವರು, ಕಲಿಸುತ್ತಲೇ ತಾವೂ ನಾದಕೃತಿಗಳನ್ನು ಕಟ್ಟುತ್ತ ಬಂದವರು ಶ್ರೀಮತಿ ತೆಲೇಸಿಯಾ ಲೋಲೋಹೇಯಾ ಅವರು. ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ ಅವರ ಶಿಷ್ಯೆಯಾಗಿಯೂ ಸಹೋದ್ಯೋಗಿಯಾಗಿಯೂ ನಾಲ್ಕು ಮಾತು ಬರೆಯುವ ಭಾಗ್ಯ ನನ್ನದಾಗಿದೆ.

ಈ ಅಭಿನಂದನ ಸಂಪುಟದ ಸಂಪಾದಕರು "ಲೂಪೆ, ದಯವಿಟ್ಟು ಗಂಭೀರವಾಗಿ ಬರೀರಿ" ಎಂದು ನನಗೆ ಎಚ್ಚರಿಕೆ ಕೊಟ್ಟಿದ್ದಾರೆ. ಪ್ರಯತ್ನಿಸುತ್ತೇನೆ. ಆದರೆ ತೆಲೇಸಿಯಾ ಅವರು ನನಗೆ ಶಾಲೆಯಲ್ಲಿ ಟೀಚರು, ಮನೆಯಲ್ಲಿ ಸೋದರತ್ತೆ. ನನ್ನ ಅಪ್ಪನ ಚಿಕ್ಕಮ್ಮನ ಮಗಳು ಅವರು. ನಮ್ಮ ಲೆಕ್ಕದಲ್ಲಿ ಅಪ್ಪನ ಸ್ವಂತ ತಂಗಿಯೇ. ನಮ್ಮಲ್ಲಿ ತಂಗಿಯ ಸ್ಥಾನ ಅಣ್ಣನಿಗಿಂತ ಮೇಲು ಎಂಬುದನ್ನೂ, ತಂಗಿ ಬಾಯಿಬಿಟ್ಟು ಕೇಳಿದ್ದನ್ನು ಅಣ್ಣ ಇಲ್ಲವೆನ್ನುವಂತಿಲ್ಲ ಎಂಬುದನ್ನೂ, ಹಳೆಯ ಶಿಸ್ತಿನ ಮನೆಗಳಲ್ಲಿ ಬೆಳೆದ ಮೇಲೆ ಅಣ್ಣ ತಂಗಿ ಒಂದೇ ಕೋಣೆಯಲ್ಲಿ ಕೂರುವುದಿಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ಇವಿಷ್ಟು ತಿಳಿಯದಿದ್ದರೆ ಮುಂದಿನದು ಅರ್ಥವಾಗದು.

ತೆಲೇಸಿಯಾ ಅವರು ಹುಟ್ಟಿದ್ದು ಹಾಪೈ ದ್ವೀಪಸಮೂಹದಲ್ಲಿ. ಮನೆಯಲ್ಲೊಂದು ಹಳೆಯ ರೇಡಿಯೋ ಇತ್ತು. ಮನೆಮಂದಿಯೆಲ್ಲ ಹವಾಮಾನ ವಾರ್ತೆಗೆ ಕಾದು ಕೂತರೆ, ಈ ಹುಡುಗಿಗೆ ಒಂದು ಕೇಂದ್ರದಿಂದ ಇನ್ನೊಂದಕ್ಕೆ ಮುಳ್ಳು ತಿರುಗಿಸುವಾಗ ನಡುವೆ ಬರುವ ಸಿಳ್ಳೆ ಮತ್ತು ಗರಗರವೇ ಪ್ರಿಯ. "ನಡುವೆ ನಿಲ್ಲಿಸ್ತಾಳೆ ಕಣೋ ಈ ಹುಡುಗಿ, ಚಂಡಮಾರುತ ಬಂದ್ರೂ ನಮಗೆ ಗೊತ್ತಾಗಲ್ಲ" ಎಂದು ಅವರ ತಂದೆ ಊರೆಲ್ಲ ದೂರಿಕೊಂಡು ತಿರುಗುತ್ತಿದ್ದರಂತೆ. ಭೌತಶಾಸ್ತ್ರ ಓದಲು ವಿದ್ಯಾರ್ಥಿವೇತನ ಪಡೆದು ಮೆಲ್ಬರ್ನ್ ನಗರಕ್ಕೆ ಹೋದ ಅವರು ಅಲ್ಲಿ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಅದೇ ಸಿಳ್ಳೆ, ಅದೇ ಗರಗರ ಕೇಳಿ ಮೆಟ್ಟಿಲಿಳಿದರು. ಅದು ಇಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ. ಭೌತಶಾಸ್ತ್ರದ ಪದವಿಯನ್ನೂ ಮುಗಿಸಿದರೆನ್ನಿ, ಆದರೆ ಮನಸ್ಸು ನೆಲಮಾಳಿಗೆಯಿಂದ ಮೇಲೆ ಬರಲಿಲ್ಲ.

ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುವುದು, ಸ್ವರ ಹುಟ್ಟಿಸುವ ಪೆಟ್ಟಿಗೆಗಳನ್ನು ಬೆಸುಗೆ ಹಾಕಿ ಕಟ್ಟುವುದು, ಒಂದು ಸದ್ದನ್ನು ಹಿಗ್ಗಿಸಿ ಕುಗ್ಗಿಸಿ ಇನ್ನೊಂದಾಗಿಸುವುದು, ಇವೆಲ್ಲವನ್ನೂ ಅವರು ಅಲ್ಲಿ ಕೈವಶ ಮಾಡಿಕೊಂಡರು. ನಮ್ಮ ಹೆಂಗಸರು ಮರದ ತೊಗಟೆಯನ್ನು ಬಡಿದು ಬಟ್ಟೆ ಮಾಡುವ ಸದ್ದನ್ನು ಧ್ವನಿಮುದ್ರಿಸಿ, ಅದರಿಂದಲೇ ಒಂದು ದೀರ್ಘ ಕೃತಿಯನ್ನು ಕಟ್ಟಿದ್ದು ಆ ದಿನಗಳಲ್ಲಿ. ಕೇಳಿದ ಪ್ರಾಧ್ಯಾಪಕರು ಯಾವ ಕಾರ್ಖಾನೆಯ ಸದ್ದು ಎಂದು ವಿಚಾರಿಸಿದರಂತೆ. ನಮ್ಮ ಅತ್ತೆ, "ನಮ್ಮ ಚಿಕ್ಕಮ್ಮಂದಿರದು" ಎಂದರಂತೆ. ಆ ಕೃತಿ ಈಗಲೂ ಆಕ್ಲೆಂಡ್, ಸಿಡ್ನಿಗಳ ಸಭಾಂಗಣಗಳಲ್ಲಿ ಕೇಳಿಬರುತ್ತದೆ.

ಅಲ್ಲೇ ಉಳಿಯಬಹುದಿತ್ತು. ಉಳಿಯಿರೆಂದು ಹೇಳಿದವರೂ ಇದ್ದರು. ಅವರು ಮಾತ್ರ ಮರದ ಪೆಟ್ಟಿಗೆಗಳ ಸಮೇತ ಹಡಗಿನಲ್ಲಿ ಬಂದಿಳಿದರು. ಬಂದರಿನಲ್ಲಿ ಪೆಟ್ಟಿಗೆ ಬಿಚ್ಚಿಸಿ ನೋಡಿದ ಅಧಿಕಾರಿ, ಸಾಲು ಸಾಲು ತಿರುಗುಗುಂಡಿಗಳನ್ನು ಕಂಡು, "ಇದೇನಮ್ಮ, ಇಷ್ಟು ದೊಡ್ಡ ಒಲೆ? ಯಾರ ಮದುವೆಗೆ?" ಎಂದನಂತೆ.

"ಒಲೆ ಅಲ್ಲ, ಇದು ಹಾಡತ್ತೆ."

"ಹಾಡೋಕೆ ನಾವೆಲ್ಲ ಇದೀವಲ್ಲಮ್ಮ, ಇದನ್ನ ಬೇರೆ ಯಾಕೆ ಹೊತ್ಕೊಂಡು ಬಂದ್ರಿ?"

ಇದು ಕೇವಲ ಆ ಅಧಿಕಾರಿಯ ಪ್ರಶ್ನೆಯಲ್ಲ, ಇಡೀ ತೊಂಗಾದ ಪ್ರಶ್ನೆ. ಅದಕ್ಕೆ ಉತ್ತರ ಹೇಳುವುದರಲ್ಲೇ ಅವರ ಸೇವಾವಧಿಯ ಮೊದಲ ಭಾಗ ಕಳೆಯಿತು ಎನ್ನಬಹುದು.

ಹೌಫೋಲಾ ಶಾಲೆಯ ಹಿಂದೆ, ಒಂದು ಕಾಲಕ್ಕೆ ಕೊಬ್ಬರಿ ತುಂಬಿಡುತ್ತಿದ್ದ ಉದ್ದನೆಯ ಕೋಣೆಯನ್ನು ಅವರಿಗೆ ಕೊಟ್ಟರು. ವರ್ಷಗಟ್ಟಲೆ ಆ ಕೋಣೆಯಿಂದ ಕೊಬ್ಬರಿಯ ವಾಸನೆ ಹೋಗಲಿಲ್ಲ. ನನಗೆ ಇಂದಿಗೂ ಸಿಂಥಸೈಜರ್ ಅಂದ ತಕ್ಷಣ ಹಸಿವಾಗುತ್ತದೆ. ಸಮುದ್ರದ ಉಪ್ಪುಗಾಳಿಗೆ ತಂತಿಗಳೆಲ್ಲ ತುಕ್ಕು ಹಿಡಿಯುತ್ತಿದ್ದವು. ಹೊಸ ಪೆಟ್ಟಿಗೆ ತರಿಸಲು ಅನುಕೂಲವಿಲ್ಲದ ಕಡೆ ಅವರು ಬಿಸ್ಕತ್ತಿನ ಡಬ್ಬಿಗಳಲ್ಲಿ, ಡಬ್ಬಿಮಾಂಸದ ಖಾಲಿ ತಗಡುಗಳಲ್ಲಿ ಸರ್ಕ್ಯೂಟುಗಳನ್ನು ಕೂರಿಸಿದರು. ಮೊದಲ ತರಗತಿಯಲ್ಲಿ ಪಾಠವಿಲ್ಲ, ಪ್ರಶ್ನೆ ಮಾತ್ರ: ಶಾಲೆಗೆ ಬರುವ ದಾರಿಯಲ್ಲಿ ಏನು ಕೇಳಿದಿರಿ? ಮಕ್ಕಳು ಒಬ್ಬರಾದ ಮೇಲೊಬ್ಬರು ಸ್ತುತಿಗೀತೆಗಳ ಹೆಸರು ಹೇಳಿದರು.

"ಹಾಡು ಯಾವುದು ಅಂತ ಕೇಳ್ಲಿಲ್ಲ ಕಣ್ರೋ. ಸದ್ದು ಯಾವುದು? ಹಂದಿ ಕೂಗ್ಲಿಲ್ವಾ? ಸೈಕಲ್ ಚೈನು ಕಿರುಗುಟ್ಟಲಿಲ್ವಾ? ದೇವರು ಎರಡು ಕಿವಿ ಕೊಟ್ಟಿರೋದು ಚರ್ಚಿಗೆ ಒಂದು, ದಾರಿಗೆ ಒಂದು ಅಂತ."

ಹಂದಿಯ ಕೂಗನ್ನು ಗುಂಡಿಗಳಿಂದ ಹುಟ್ಟಿಸಲು ನಮ್ಮ ತರಗತಿಗೆ ಒಂದು ತಿಂಗಳು ಹಿಡಿಯಿತು. ಹುಟ್ಟಿದ ದಿನ ಹೊರಗಿನ ನಿಜವಾದ ಹಂದಿಯೊಂದು ಬಾಗಿಲಿಗೆ ಬಂದು ನಿಂತಿತು. ಅವರು ನಮ್ಮನ್ನು ಹೊಗಳಿದ ನೆನಪು ನನಗಿರುವುದು ಆ ದಿನದ್ದೇ. ಹೊಗಳಿದ್ದೂ ನಮ್ಮನ್ನಲ್ಲ, ಹಂದಿಯ ಕಿವಿಯನ್ನು.

ಈಗ ನನ್ನ ವಿಷಯ ಹೇಳಬೇಕು. ಹೇಳದೆ ಅವರ ಉಪಕಾರವನ್ನು ಬಣ್ಣಿಸಲು ನನಗೆ ಬರುವುದಿಲ್ಲ. ನನ್ನ ಅಪ್ಪ ಕಿತಿಯೋನೆ ವೈಪುಲು ಅವರು ನಮ್ಮೂರ ಗಾನವೃಂದದ ನಾಯಕರು, ಸ್ವತಃ ಸ್ತುತಿಗೀತೆಗಳನ್ನು ಕಟ್ಟುವವರು, ಶಾಲೆಯ ಆಡಳಿತ ಸಮಿತಿಯ ಸದಸ್ಯರು. ಲೂಪೆ ಎಂದರೆ ನಮ್ಮಲ್ಲಿ ಪಾರಿವಾಳ. ಆ ಹೆಸರಿಡುವಾಗ ಅವರಿಗೆ ನನ್ನ ಗಂಟಲಿನ ಮೇಲೆ ಬಹಳ ನಿರೀಕ್ಷೆಯಿತ್ತು ಪಾಪ. ನನಗೆ ಕಿವಿ ಸರಿಯಾಗಿತ್ತು, ಯಾರು ಎಲ್ಲಿ ತಪ್ಪಿದರೂ ಗೊತ್ತಾಗುತ್ತಿತ್ತು. ಆದರೆ ಬಾಯಿ ತೆರೆದರೆ ದನಿ ತಾನು ಹೋಗಬೇಕಾದಲ್ಲಿಗೆ ಹೋಗದೆ ಬೇರೆಲ್ಲಿಗೋ ಹೋಗುತ್ತಿತ್ತು. ಹಾಡಲು ಬಾರದವರು ಬೇರೆ ದೇಶಗಳಲ್ಲಿ ಕೋಟಿಗಟ್ಟಲೆ ಇರಬಹುದು. ತೊಂಗಾದಲ್ಲಿ, ಅದೂ ಗಾನವೃಂದದ ನಾಯಕನ ಮನೆಯಲ್ಲಿ, ಹಾಡಲು ಬಾರದ ಮಗಳೆಂದರೆ ಊರಿಗೆಲ್ಲ ಕನಿಕರ. ಒಂದು ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಅಪ್ಪ ನನ್ನ ತಲೆ ಸವರಿ ಮೆಲ್ಲಗೆ ಹೇಳಿದರು: "ಬಾಯಿ ಆಡಿಸು ಮಗಾ. ದನಿ ಮಾತ್ರ ಬಿಡಬೇಡ."

ಬೈದು ಹೇಳಿದ್ದರೆ ಮರೆಯುತ್ತಿದ್ದೆ. ಪ್ರೀತಿಯಿಂದ ಹೇಳಿದರು, ಅದಕ್ಕೇ ಎದೆಯೊಳಗೆ ಹಾಗೇ ಉಳಿಯಿತು. ಆ ಮೇಲೆ ಎಷ್ಟೋ ವರ್ಷ ನಾನು ಚರ್ಚಿನಲ್ಲಿ ಬಾಯಿ ಮಾತ್ರ ಆಡಿಸಿದೆ.

ತೆಲೇಸಿಯಾ ಅತ್ತೆ ಇದನ್ನು ಎಂದು ಗಮನಿಸಿದರೋ ಗೊತ್ತಿಲ್ಲ. ಒಂದು ದಿನ ಶಾಲೆಯಲ್ಲಿ ನನ್ನನ್ನು ಕರೆದು, ತಿರುಗುಗುಂಡಿಗಳ ಮುಂದೆ ಕೂರಿಸಿ, "ನಿಮ್ಮಪ್ಪನ ಹಾಡಿನ ಮೊದಲ ಸಾಲನ್ನ ಇದರಲ್ಲಿ ಹುಡುಕು. ಎಷ್ಟು ದಿನ ಬೇಕಾದ್ರೂ ತಗೋ" ಎಂದರು. ಹುಡುಕಿದೆ. ಸ್ವರ ನಾನು ಕಳಿಸಿದಲ್ಲಿಗೇ ಹೋಯಿತು, ಕಳಿಸಿದಷ್ಟೇ ಹೊತ್ತು ನಿಂತಿತು. ಆ ಸಂಜೆ ನಾನು ಮನೆಗೆ ನಡೆದು ಹೋಗಲಿಲ್ಲ, ಓಡಿಯೇ ಹೋದೆ. ಅಪ್ಪನಿಗೆ ಹೇಳಿದಾಗ ಅವರು, "ಯಂತ್ರ ಹಾಡ್ತು ಅನ್ನು, ನೀನಲ್ಲ" ಎಂದರು. ತಪ್ಪೇನೂ ಹೇಳಲಿಲ್ಲ. ಆದರೂ ಅವರ ಗಾನವೃಂದದಲ್ಲಿ, ಅವರ ಕಿವಿಯಲ್ಲಿ, ನನಗೂ ಒಂದು ಜಾಗ ಬೇಕೆಂಬ ಆಸೆ ನನ್ನನ್ನು ಬಿಡಲಿಲ್ಲ. ನನ್ನ ಬಾಳಿನ ಆಸೆಯೇ ಅದೊಂದು.

ಇನ್ನು ಆ ಪ್ರಸಿದ್ಧ ಶಾಲಾ ವಾರ್ಷಿಕೋತ್ಸವ. ಮೆಲ್ಬರ್ನಿನ ಗೆಳೆಯರೊಬ್ಬರು ಅತ್ತೆಗೆ ಒಂದು ಹೊಸ ಪೆಟ್ಟಿಗೆ ಕಳಿಸಿದ್ದರು. ಅದರಲ್ಲಿ ಒಂದರಿಂದ ಒಂಬತ್ತರವರೆಗೆ ಅಂಕಿಗಳ ಕೀಲಿಗಳಿದ್ದವು. ಅಂಕಿಗಳನ್ನು ಒತ್ತುತ್ತ ಹೋದರೆ ಅದು ನೆನಪಿಟ್ಟುಕೊಂಡು ಆಮೇಲೆ ಅಷ್ಟೂ ಸ್ವರಗಳನ್ನು ತಾನೇ ನುಡಿಸುತ್ತಿತ್ತು. ಅಂಕಿ ಎಂದ ಕೂಡಲೇ ನಮ್ಮೆಲ್ಲರ ಮುಖ ಅರಳಿತು. ಏಕೆಂದರೆ ನಮ್ಮ ನಾಡಿನಲ್ಲಿ ಹಾಡನ್ನು ಬರೆಯುವುದೇ ಅಂಕಿಗಳಲ್ಲಿ. ಷಡ್ಜ ಮೂರು, ರಿಷಭ ನಾಲ್ಕು, ಗಾಂಧಾರ ಐದು, ಹೀಗೆ ಹೋಗಿ ನಿಷಾದ ಒಂಬತ್ತು. ಗಾನವೃಂದದ ನಾಯಕ ಕಪ್ಪುಹಲಗೆಯ ಮೇಲೆ ನಾಲ್ಕು ಸಾಲು ಅಂಕಿ ಬರೆದನೆಂದರೆ ಊರಿಗೆ ಊರೇ ನಾಲ್ಕು ದನಿಗಳಲ್ಲಿ ಹಾಡುತ್ತದೆ. ಅಪ್ಪನ ಕೀರ್ತನೆಯ ಒಂದು ಚರಣವನ್ನು ಯಂತ್ರ ನುಡಿಸುವುದು, ಮುಂದಿನದನ್ನು ಗಾನವೃಂದ ಹಾಡುವುದು ಎಂದು ಮುಖ್ಯೋಪಾಧ್ಯಾಯರು ನಿಶ್ಚಯಿಸಿದರು. ಅಪ್ಪ ಒಲ್ಲದ ಮನಸ್ಸಿನಿಂದ ಒಪ್ಪಿದರು.

ಪೆಟ್ಟಿಗೆ ಬಂದರಿನಿಂದ ಬಿಡುಗಡೆಯಾಗಿ ಬಂದದ್ದು ಉತ್ಸವದ ದಿನವೇ, ಮತ್ತು ಅಂದು ಬೆಳಿಗ್ಗೆಯಿಂದ ಊರಿನಲ್ಲಿ ಕರೆಂಟು ಇರಲಿಲ್ಲ. ಅಂಕಿ ನೆನಪಿಡಲು ಪೆಟ್ಟಿಗೆಯೊಳಗಿನ ಬ್ಯಾಟರಿ ಸಾಕಿತ್ತು. ಸದ್ದು ಕೇಳಲು ಕರೆಂಟು ಬೇಕಿತ್ತು. ಹೀಗಾಗಿ ನಾನು ಅಷ್ಟನ್ನೂ ಮೌನವಾಗಿಯೇ ಒತ್ತಿದೆ. ತೆಲೇಸಿಯಾ ಅತ್ತೆ ಪುಟ್ಟ ಪರದೆಯ ಮೇಲೆ ಒಂದೊಂದೇ ಅಂಕಿ ಓಡಿಸಿ ನೋಡಿ, ಸರಿಯಿದೆ ಎಂದರು. ಅಪ್ಪ ನಂಬಲಿಲ್ಲ. ಒಳಗೆ ತಂಗಿ ಇದ್ದುದರಿಂದ ಕೋಣೆಗೆ ಕಾಲಿಡುವಂತಿರಲಿಲ್ಲ. ಕಿಟಕಿಯ ಹೊರಗೆ ನಿಂತರು. ನಾನು ಪೆಟ್ಟಿಗೆಯನ್ನು ಎತ್ತಿ ಹಿಡಿದೆ. ಕನ್ನಡಕ ಏರಿಸಿ ಕೊನೆಯವರೆಗೂ ಓದಿ, "ಸರಿಯಾಗಿದೆ" ಎಂದು ಅವರೂ ತಲೆಯಾಡಿಸಿದರು. ಮೂವರು ಓದಿದೆವು, ಮೂವರೂ ತೊಂಗಾದವರು. ನಮಗೆ ತಪ್ಪು ಕಾಣುವುದಾದರೂ ಹೇಗೆ?

ಪೆಟ್ಟಿಗೆ ಮಾಡಿದವರ ದೇಶದಲ್ಲಿ ಷಡ್ಜವೆಂದರೆ ಒಂದು.

ಪಾದ್ರಿಗಳು ಪ್ರಾರ್ಥನೆ ಮುಗಿಸುವ ಹೊತ್ತಿಗೆ ಸರಿಯಾಗಿ ಕರೆಂಟು ಬಂತು. ಜನ ಹರ್ಷದಿಂದ ಕೂಗಿದರು. ನಾನು ಗುಂಡಿ ಒತ್ತಿದೆ. ಷಡ್ಜದಲ್ಲಿ ಶುರುವಾಗಬೇಕಾದ ಅಪ್ಪನ ಕೀರ್ತನೆ ಗಾಂಧಾರದಲ್ಲಿ ಶುರುವಾಯಿತು, ಪ್ರತಿಯೊಂದು ಸ್ವರವೂ ಎರಡು ಮೆಟ್ಟಿಲು ಮೇಲೆ ಹತ್ತಿ ಕೂತಿತು. ತಾಳ ಅದೇ, ನಡೆ ಅದೇ, ಮುಖ ಮಾತ್ರ ಸೊಟ್ಟ. ದೇವರ ಕೃಪೆಯನ್ನು ಕೊಂಡಾಡುವ ಸಾಲು ಹೊಟ್ಟೆನೋವು ಬಂದವರು ನರಳುವಂತೆ ಕೇಳಿಸಿತು. ಹಿಂದಿನ ಸಾಲಿನ ಹೆಂಗಸೊಬ್ಬಳು, "ಅಯ್ಯೋ, ಪಾಪ ವೈಪುಲುಗೆ ಯಾರೋ ಮಾಟ ಮಾಡಿಸಿದಾರೆ!" ಎಂದಳು. ನಗುವಿಗೆ ಮಾಡು ಹಾರಿಹೋಗುವುದೊಂದು ಬಾಕಿ. ನನಗೆ ನಿಲ್ಲಿಸುವ ಗುಂಡಿ ಯಾವುದೆಂದು ಸಹ ತೋಚಲಿಲ್ಲ. ಅಪ್ಪ ಕೈಯೆತ್ತಿ ಗಾನವೃಂದವನ್ನು ಶುರು ಮಾಡಿಸಲೇ ಇಲ್ಲ. ನಮ್ಮಲ್ಲಿ ಗೌರವದ ಉಡುಪಾಗಿ ಸೊಂಟಕ್ಕೆ ಸುತ್ತುವ ಚಾಪೆಯನ್ನು ಸರಿಪಡಿಸಿಕೊಂಡು ಹೊರಟುಹೋದರು.

ಮನೆಯಲ್ಲಿ ಅವರು ಕೂಗಾಡಲಿಲ್ಲ. "ಅಂಕಿ ಸರಿಯಾಗಿತ್ತು. ನನ್ನ ಕಣ್ಣಾರೆ ನೋಡಿದೀನಿ. ಸರಿಯಾದ ಅಂಕಿ ಓದಿ ತಪ್ಪು ಹಾಡತ್ತೆ ಅಂದ್ರೆ ಅದು ಬೇಕಂತಲೇ ಅಣಕಿಸೋದು. ಅಂಥದ್ದು ಶಾಲೇಲಿ ಇರಬಾರದು. ನೀನೂ ಆ ಕೋಣೆಗೆ ಹೋಗ್ಬೇಡ" ಎಂದರು. ಮುಂದಿನ ಸಮಿತಿ ಸಭೆಯಲ್ಲಿ ತರಗತಿಯನ್ನೇ ಮುಚ್ಚುವ ಮಾತು ಬರಲಿದೆಯೆಂದು ಊರಿಗೆಲ್ಲ ಗೊತ್ತಾಯಿತು. ನನಗೆ ಆ ಕೋಣೆ ಹೋದರೆ ಉಳಿಯುವುದು ಬಾಯಿ ಆಡಿಸುವುದೊಂದೇ.

ಮುಖ್ಯೋಪಾಧ್ಯಾಯರು ತೆಲೇಸಿಯಾ ಅತ್ತೆಯ ಬಳಿ ಬಂದು ಸುಲಭದ ಎರಡು ದಾರಿ ಹೇಳಿದರಂತೆ. ಇದನ್ನು ಆಮೇಲೆ ನನಗೆ ಹೇಳಿದವರು ಮುಖ್ಯೋಪಾಧ್ಯಾಯರೇ.

"ಅದಕ್ಕೇನು ಟೀಚರ್, ಪ್ರತಿ ಅಂಕಿಯಿಂದ ಎರಡು ಕಳೆದು ಒತ್ತಿದ್ರಾಯ್ತಲ್ಲ. ಮಕ್ಕಳಿಗೆ ಹೇಳ್ಕೊಡಿ."

"ನನ್ನ ಮಕ್ಕಳು ಸರಿಯಾಗೇ ಓದಿದಾರೆ. ಓದೋಕೆ ಬರದೇ ಇರೋದು ಪೆಟ್ಟಿಗೆಗೆ. ಪಾಠ ಯಾರಿಗೆ ಮಾಡ್ಬೇಕು ಹಾಗಾದ್ರೆ?"

"ಸರಿ, ವೈಪುಲುಗಾದ್ರೂ ಒಂದು ಮಾತು ಹೇಳಿ. ನೀವು ತಂಗಿ. ನೀವು ಬೇಕು ಅಂದ್ರೆ ಅವರು ಬೇಡ ಅನ್ನೋಹಾಗಿಲ್ಲ."

"ಗೊತ್ತು. ಅದಕ್ಕೇ ಹೇಳಲ್ಲ. ನಾನು ಹೇಳಿದ್ರೆ ಪೆಟ್ಟಿಗೇನ ಇಟ್ಕೋತಾನೆ, ಕಿವೀನ ಮುಚ್ಕೋತಾನೆ. ಆ ಮುಚ್ಚಿದ ಕಿವಿ ಇರೋ ಮನೆಗೆ ಲೂಪೆ ದಿನಾ ಸಂಜೆ ಹೋಗ್ಬೇಕಲ್ಲ ಸಾರ್."

ಅಧಿಕಾರವಿದ್ದೂ ಅದನ್ನು ಚಲಾಯಿಸದಿರುವ ಹಿರಿತನ ಎಂದರೆ ಏನೆಂದು ನಾನು ಕಲಿತದ್ದು ಇಲ್ಲಿ. ಯಾವ ಪುಸ್ತಕದಿಂದಲೂ ಅಲ್ಲ.

ಅವರು ಪೆಟ್ಟಿಗೆಯನ್ನು ಬಿಚ್ಚಿದರು. ಒಂದು ಮತ್ತು ಎರಡರ ಕೀಲಿಗಳನ್ನು ಕಿತ್ತು ತೆಗೆದು, ಮೂರರ ಕೀಲಿಗೆ ಷಡ್ಜದ ವೈರನ್ನು ಬೆಸೆದು, ಮುಂದಿನವನ್ನೆಲ್ಲ ಅದೇ ಕ್ರಮದಲ್ಲಿ ಬದಲಿಸಿದರು. ಕಿತ್ತ ಜಾಗದ ಎರಡು ತೂತುಗಳಿಗೆ ಮೇಣ ಮೆತ್ತಿದರು. ಮುಗಿದ ಮೇಲೆ ನೇರ ನಮ್ಮ ಮನೆಗೆ ಬಂದರು. ತಂಗಿ ಬಾಗಿಲಿಗೆ ಬರುತ್ತಿದ್ದಂತೆ ಅಪ್ಪ ಪದ್ಧತಿಯಂತೆ ಎದ್ದು ಹಿತ್ತಲಿಗೆ ಹೋದರು. ಅತ್ತೆ ಅಡುಗೆಮನೆಯಲ್ಲಿ ಅಮ್ಮನ ಪಕ್ಕ ಕೂತು ಕೆಸುವಿನೆಲೆ ಬಿಡಿಸತೊಡಗಿದರು. ಹಿತ್ತಲಿಗೂ ಅಡುಗೆಮನೆಗೂ ನಡುವೆ ಇದ್ದುದು ಒಂದು ತಡಿಕೆ ಅಷ್ಟೇ.

"ಏನೇ ಸಿನಾ, ನಿನ್ನ ಗಂಡ ಹೊಸ ಕೀರ್ತನೆ ಕಟ್ಟಿದಾನಂತೆ?" ಎಂದು ಅತ್ತೆ ಹಿತ್ತಲಿಗೆ ಕೇಳುವಷ್ಟು ಗಟ್ಟಿಯಾಗಿ ವಿಚಾರಿಸಿದರು.

"ಕಟ್ಟಿದಾರಮ್ಮ. ಹಗಲೆಲ್ಲ ತಲೇಲಿ ಅದೇ. ಉಪ್ಪು ಕೊಡಿ ಅಂದ್ರೆ ಸಕ್ಕರೆ ಕೊಡ್ತಾರೆ."

"ನಾಲ್ಕು ದನೀನೂ ಒಟ್ಟಿಗೆ ಕೇಳ್ಸಿದೆಯಾ ಅವನಿಗೆ?"

"ಎಲ್ಲಿಂದ ಕೇಳ್ಸತ್ತೆ? ಗಂಡಸರು ಕಾವಾ ಕುಡಿದು ಬರೋದು, ಹೆಂಗಸರು ಹರಟೆ ಮುಗಿಸಿ ಬರೋದು, ಕಲಿಯೋಷ್ಟರಲ್ಲಿ ಎರಡು ತಿಂಗಳು. ಅಲ್ಲೀತನಕ ಇವರು ಬರೀ ಊಹೆ ಮಾಡ್ಕೊಂಡು ಒದ್ದಾಡೋದು."

"ಅಯ್ಯೋ ಪಾಪ. ನಾಳೆ ಸಂಜೆಗೇ ಕೇಳ್ಬಹುದಿತ್ತು. ನನ್ನ ಪೆಟ್ಟಿಗೆ ಈಗ ಮೂರರಿಂದ ಎಣಿಸತ್ತೆ. ಒಳಗೆ ಬರೋದೂ ಬೇಡ, ನಾನು ಸ್ಪೀಕರನ್ನ ಜಗಲೀಲಿ ಇಡ್ತೀನಿ. ಇಷ್ಟ ಇದ್ರೆ ಉಂಟು, ಇಲ್ದಿದ್ರೆ ಇಲ್ಲ. ಸಿನಾ, ಈ ಎಲೆಗೆ ತೆಂಗಿನಹಾಲು ಜಾಸ್ತಿ ಹಾಕೇ."

ಮಾರನೆಯ ಬೆಳಿಗ್ಗೆ ಅಪ್ಪ ನನ್ನ ಮುಂದೆ ನಾಲ್ಕು ಸಾಲು ಅಂಕಿ ಬರೆದ ಹಲಗೆಯನ್ನಿಟ್ಟು, ನನ್ನ ಮುಖ ನೋಡದೆ, "ಇವತ್ತೊಂದು ದಿನ ಮಾತ್ರ" ಎಂದರು.

ನಾಲ್ಕು ದನಿಗಳನ್ನೂ ಬೇರೆ ಬೇರೆಯಾಗಿ ಒತ್ತಿ, ಟೇಪಿನ ಮೇಲೆ ಒಂದರೊಡನೊಂದನ್ನು ಕೂಡಿಸುವಷ್ಟರಲ್ಲಿ ಇಡೀ ದಿನ ಹೋಯಿತು. ಅತ್ತೆ ಒಂದು ಕೀಲಿಯನ್ನೂ ಮುಟ್ಟಲಿಲ್ಲ. ನಾನು ಬೆವರುವುದನ್ನು ನೋಡುತ್ತ ಬೇಯಿಸಿದ ಮರಗೆಣಸು ತಿನ್ನುತ್ತಿದ್ದರು. ಸಂಜೆ ಅಪ್ಪ ಬಂದು ಶಾಲೆಯ ಅಂಗಳದ ದೀವಿಹಲಸಿನ ಮರದ ಕೆಳಗೆ ಕೈ ಹಿಂದೆ ಕಟ್ಟಿಕೊಂಡು ನಿಂತರು. ಜಗಲಿಯ ಮೇಲೆ ಸ್ಪೀಕರು, ಒಳಗೆ ನಾವಿಬ್ಬರು. ನಾನು ಟೇಪನ್ನು ಓಡಿಸಿದೆ.

ಮೊದಲ ಸಾಲಿಗೆ ಅವರು ಅಲುಗಲಿಲ್ಲ. ಎರಡನೆಯ ಸಾಲಿಗೆ ಹಿಂದೆ ಕಟ್ಟಿದ ಕೈಗಳು ಬಿಡಿಸಿಕೊಂಡವು. ಮೂರನೆಯ ಸಾಲಿನ ನಡುವೆ ಅವರು ಗರ್ಜಿಸಿದರು.

"ನಿಲ್ಸು, ನಿಲ್ಸು! ಕೆಳಗಿನ ಎರಡು ದನಿ ಒಂದಕ್ಕೊಂದು ಡಿಕ್ಕಿ ಹೊಡೀತಿದೆ. ಯಾರು ಬರೆದಿದ್ದು ಇದನ್ನ?"

ಅತ್ತೆ ಮರಗೆಣಸು ಕೆಳಗಿಟ್ಟು, ನನ್ನನ್ನೇ ನೋಡುತ್ತ, "ಬರೆದೋರು ಯಾರು ಅಂತ ಕೇಳ್ತಿದಾರೆ, ಹೇಳಮ್ಮ ಲೂಪೆ" ಎಂದರು.

"ನೀವೇ ಅಪ್ಪಾ."

ಮರದ ಕೆಳಗೆ ನಿಂತಿದ್ದ ಅಪ್ಪ ನಕ್ಕರು. ತಮ್ಮ ಮೇಲೆ ತಾವೇ ನಗುವುದನ್ನು ನಾನು ಅವರಲ್ಲಿ ಅಂದೇ ಕಂಡದ್ದು. "ಅಲ್ಲಿ ಆರು ತೆಗೆದು ಐದು ಹಾಕು. ಹಾಕಿದ್ಯಾ? ಅದರ ಮುಂದಿನದು ಎಂಟೇ ಇರಲಿ. ಹೂಂ, ಎಲ್ಲಿ ಲೂಪೆ, ಮತ್ತೆ ಮೊದಲಿಂದ."

ಮತ್ತೆ ಮೊದಲಿಂದ ಎಂಬುದು ಗಾನವೃಂದದ ನಾಯಕ ತನ್ನ ಹಾಡುಗಾರರಿಗೆ ಹೇಳುವ ಮಾತು. ನನ್ನ ಅಣ್ಣಂದಿರಿಗೆ ಹೇಳಿದ್ದರು, ಚಿಕ್ಕಪ್ಪಂದಿರಿಗೆ, ಅಮ್ಮನಿಗೆ, ಊರಿನ ಎಲ್ಲರಿಗೂ ಬೇಜಾರಾಗುವಷ್ಟು ಬಾರಿ ಹೇಳಿದ್ದರು. ನನಗೆ ಎಂದೂ ಹೇಳಿರಲಿಲ್ಲ. ನಾನು ಕಣ್ಣೊರೆಸಿಕೊಳ್ಳುತ್ತ ಟೇಪನ್ನು ಹಿಂದಕ್ಕೆ ಸುತ್ತಿದೆ. ಅತ್ತೆ ಏನನ್ನೂ ಕಾಣದವರಂತೆ ಇನ್ನೊಂದು ಮರಗೆಣಸು ಕೈಗೆತ್ತಿಕೊಂಡರು.

ಸಮಿತಿಯ ಸಭೆಯಲ್ಲಿ ಅಪ್ಪ, "ಯಂತ್ರಕ್ಕೆ ನಮ್ಮ ಲೆಕ್ಕ ಬಂತು, ಇರಲಿ" ಎಂದಷ್ಟೇ ಹೇಳಿ ಕೂತರಂತೆ. ತರಗತಿ ಉಳಿಯಿತು. ಮುಂದಿನ ವರ್ಷಗಳಲ್ಲಿ ಆ ಪೆಟ್ಟಿಗೆಯಿಂದ ಊರಿಗಾದ ಉಪಯೋಗವನ್ನು ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ದನಿಗೊಂದು ಕ್ಯಾಸೆಟ್ಟಿನಂತೆ ಕೀರ್ತನೆಗಳನ್ನು ಮುದ್ರಿಸಿ ಆಸ್ಟ್ರೇಲಿಯಾದ ಹಣ್ಣಿನ ತೋಟಗಳಲ್ಲಿ ದುಡಿಯುವ ನಮ್ಮ ಗಂಡಸರಿಗೆ, ಆಕ್ಲೆಂಡಿನಲ್ಲಿ ನೆಲೆಸಿದ ನಮ್ಮ ಹೆಂಗಸರಿಗೆ ಕಳಿಸುವುದನ್ನು ತೆಲೇಸಿಯಾ ಅವರು ಶುರು ಮಾಡಿದರು. ಅವರು ಅಲ್ಲಿ ಕೆಲಸ ಮಾಡುತ್ತ ಕಲಿತು, ಚರ್ಚಿನ ವರ್ಷದ ಸಭೆಗೆ ಊರಿಗೆ ಬಂದಾಗ ನೇರವಾಗಿ ಸಾಲಿನಲ್ಲಿ ನಿಂತು ಹಾಡುತ್ತಿದ್ದರು. ಕಿವಿ ಕೇಳದ ಹುಡುಗಿಯೊಬ್ಬಳಿಗೆ ಅಂಗೈಯನ್ನು ಸ್ಪೀಕರಿನ ಮೇಲಿಡಿಸಿ ತಾಳ ಕಲಿಸಿದರು; ಅವಳು ಇಂದು ನಮ್ಮ ಶಾಲೆಯ ನೃತ್ಯದ ಶಿಕ್ಷಕಿ. ಚಂಡಮಾರುತಕ್ಕೆ ಕೋಣೆಯ ಮಾಡು ಹಾರಿದ ವರ್ಷ ಮರದಡಿಯಲ್ಲಿ ಪಾಠ ನಡೆಸಿ, ಅದೇ ಗಾಳಿಯ ಧ್ವನಿಮುದ್ರಣದಿಂದ ತಮ್ಮ ಅತ್ಯುತ್ತಮ ಕೃತಿಯನ್ನು ಕಟ್ಟಿದರು. ನಾನು ಆಕ್ಲೆಂಡಿನಲ್ಲಿ ಓದಿ ಮರಳಿ ಬಂದಾಗ ಕೋಣೆಯ ಬೀಗದ ಕೈ ಕೊಟ್ಟು, "ಬೆಸುಗೆ ಹಾಕೋದು ಮರೆತಿಲ್ಲ ತಾನೇ? ಅಲ್ಲಿ ಬರೀ ಕಂಪ್ಯೂಟರ್ ಒತ್ತಿಸಿರ್ತಾರೆ" ಎಂದು ಬೈದುಕೊಂಡೇ ಬರಮಾಡಿಕೊಂಡರು. ಕಂಪ್ಯೂಟರುಗಳು ಬಂದಾಗಲೂ ಅವರು ಹಿಂದೆ ಸರಿಯಲಿಲ್ಲ. ತಮ್ಮ ಅರ್ಧ ವಯಸ್ಸಿನವರ ಪಕ್ಕ ಕೂತು ಕಲಿತರು, ಕಲಿತ ಮೇಲೆ ಅವರಿಗೇ ಕಲಿಸಿದರು. ಸಿಟ್ಟು ಮಾತ್ರ ಕಡಿಮೆಯಾಗಲಿಲ್ಲ. ಅದೂ ಒಂದು ಶ್ರುತಿಯಂತೆ ನಮಗೆ ಅಭ್ಯಾಸವಾಗಿತ್ತು.

ಇಷ್ಟು ಬರೆದ ಮೇಲೆ, ಮೊನ್ನೆ ನವೆಂಬರಿನಲ್ಲಿ ನಡೆದ ಬೀಳ್ಕೊಡುಗೆಯ ಸಂಗತಿಯನ್ನು ಹೇಳದೆ ಮುಗಿಸಲಾರೆ. ಸಂಪಾದಕರು ಅಪ್ಪನಿಂದಲೂ ಒಂದು ಲೇಖನ ಕೇಳಿದ್ದರು. "ತಂಗಿ ವಿಷಯ ಅಣ್ಣ ಬರೆಯೋದುಂಟಾ" ಎಂದು ಅವರು ನಿರಾಕರಿಸಿದರು. ಅದರ ಬದಲು ಒಂದು ಕೀರ್ತನೆ ಕಟ್ಟಿ, ಹಲಗೆಯ ಮೇಲೆ ಅಂಕಿ ಬರೆದು ನನಗೆ ಕೊಟ್ಟರು. ನೋಡಿದರೆ ನಾಲ್ಕರ ಕೆಳಗೆ ಐದನೆಯ ಸಾಲೊಂದಿತ್ತು. ಅದರಲ್ಲಿ ಉದ್ದಕ್ಕೂ ಒಂದೇ ಅಂಕಿ: ಏಳು, ಏಳು, ಏಳು.

"ಇದು ಯಾರಿಗಪ್ಪಾ? ಗಾನವೃಂದದಲ್ಲಿ ಇರೋದು ನಾಲ್ಕೇ ದನಿ ಅಲ್ವಾ?"

"ನಿನಗೆ."

ಎಪ್ಪತ್ತೈದರ ಆಸುಪಾಸಿನ ಅಪ್ಪ ಕುರ್ಚಿಯಲ್ಲಿ ಕೂತು ಹಲಗೆಯ ಅಂಚನ್ನು ಒರೆಸುತ್ತಿದ್ದರು. "ಬೆಸುಗೆ ಹಾಕುವಾಗ ಗುನುಗ್ತೀಯಲ್ಲ, ನಿನಗೇ ಗೊತ್ತಿಲ್ಲ ಅದು. ಎಷ್ಟು ವರ್ಷದಿಂದ ಜಗಲೀಲಿ ಕೂತು ಕೇಳ್ತಿದೀನಿ. ಯಾವಾಗ್ಲೂ ಅದೊಂದೇ ಸ್ವರ, ಒಂದು ಕೂದಲೆಳೆ ಆಚೆ ಈಚೆ ಆಗಲ್ಲ. ಆ ಸ್ವರದ ಮೇಲೇ ಈ ಹಾಡು ಕಟ್ಟಿದೀನಿ. ನೀನು ನಿಲ್ಲಿಸಿದ್ರೆ ಉಳಿದೋರು ಬಿದ್ದುಹೋಗ್ತಾರೆ, ಗೊತ್ತಾಯ್ತಾ?"

ಬೀಳ್ಕೊಡುಗೆಯ ದಿನ ಸಭಾಂಗಣ ತುಂಬಿತ್ತು. ತೆಲೇಸಿಯಾ ಅತ್ತೆ ಮುಂದಿನ ಸಾಲಿನಲ್ಲಿ, ಗಮನವಿಟ್ಟು ಕೇಳುವಾಗಿನ ಅವರ ರೂಢಿಯಂತೆ, ತಲೆ ತಗ್ಗಿಸಿ ಕಣ್ಣು ಮುಚ್ಚಿ ಕೂತಿದ್ದರು. ನಾನು ಹಿಂದಿನ ಸಾಲಿನಲ್ಲಿ ದೊಡ್ಡ ದೊಡ್ಡ ಗಂಡಸರ ಬೆನ್ನ ಹಿಂದೆ ನಿಂತೆ. ಅಪ್ಪ ಕೈಯೆತ್ತಿ ಮೊದಲು ನೋಡಿದ್ದು ನನ್ನನ್ನು. ಬಾಯಿ ತೆರೆದೆ. ಸ್ವರ ಬಂತು, ನಿಂತಿತು. ಅದರ ಮೇಲೆ ಒಂದೊಂದಾಗಿ ನಾಲ್ಕು ದನಿಗಳು ಬಂದು ಕೂತವು. ಹಾಡು ಮುಗಿಯುವವರೆಗೂ ನಾನು ನಿಲ್ಲಿಸಲಿಲ್ಲ.

ಚಪ್ಪಾಳೆಗೂ ಮೊದಲೇ ಅತ್ತೆ, ಕಣ್ಣು ತೆರೆಯದೆಯೇ, ತರಗತಿಯಲ್ಲಿ ಕೇಳುವ ದನಿಯಲ್ಲಿ ಕೇಳಿದರು: "ಕೆಳಗಿನ ಸ್ವರ ಬಹಳ ಚೆನ್ನಾಗಿತ್ತು. ಲೂಪೆ, ಅದು ಯಾವ ಯಂತ್ರ?"

ಉತ್ತರ ಕೊಟ್ಟವಳು ನಾನಲ್ಲ. ತಂಗಿಗೆ ಏನು ಹೇಳಬೇಕಾದರೂ ನನ್ನ ಮೂಲಕವೇ ಹೇಳಿಸುತ್ತಿದ್ದ ಅಪ್ಪ ಅವರತ್ತ ತಿರುಗಿ, ಇಡೀ ಸಭೆ ಕೇಳುವಂತೆ ತಾವೇ ಹೇಳಿದರು.

"ಯಂತ್ರ ಅಲ್ಲ ತಂಗ್ಯಮ್ಮ. ಅದು ನನ್ನ ಮಗಳು."

ಗುರುಗಳೂ ಸೋದರತ್ತೆಯೂ ಆದ ತೆಲೇಸಿಯಾ ಲೋಲೋಹೇಯಾ ಅವರಿಗೆ ದೇವರು ಆಯುರಾರೋಗ್ಯವನ್ನು ಕೊಡಲಿ. ಅವರ ಕೈ ಬೆಸುಗೆಯ ಬಿಸಿಯನ್ನೂ ಅವರ ನಾಲಗೆ ಬೈಗುಳದ ಖಾರವನ್ನೂ ಇನ್ನೂ ಬಹಳ ವರ್ಷ ಉಳಿಸಿಕೊಳ್ಳಲಿ. ಕಟ್ಟಬೇಕೆಂದು ಅವರು ಎತ್ತಿಟ್ಟುಕೊಂಡಿರುವ ಕೃತಿಗಳೆಲ್ಲ ಕೈಗೂಡಲಿ. ಇದು ಅವರ ಎಲ್ಲ ಶಿಷ್ಯರ ಪ್ರಾರ್ಥನೆ. ನನ್ನ ಪ್ರಾರ್ಥನೆಯಲ್ಲಿ ಸ್ವಲ್ಪ ಸ್ವಾರ್ಥವೂ ಇದೆ. ಐವತ್ತು ದಾಟಿದ ಮೇಲೆ ಈಗಷ್ಟೇ ಬಾಯಿ ಬಿಟ್ಟು ಹಾಡಿದ್ದೇನೆ. ಕೇಳುವುದಕ್ಕೆ ಅವರು ಇರಬೇಕು.